ಮನೆ ಬದಲಿಸಿದ ಅಂಕಿ

ಪಗಡೆಯ ಹಾಸು ಹುಟ್ಟಿದ ದಿನವೇ ಕಳ್ಳದಾಳವೂ ಹುಟ್ಟಿರಬೇಕು. ಶಕುನಿಯ ಕಥೆ ಕೇಳಿ ಬೆಳೆದ ನಮಗೆ ಆಟದಲ್ಲಿ ಮೋಸವೆಂದರೇನು ಎಂಬುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಎದುರಾಳಿಯೇ ಇಲ್ಲದ ಆಟದಲ್ಲಿ ಮಾಡುವ ಮೋಸವೊಂದು ನಮ್ಮ ಕಾಲದಲ್ಲಿ ಹುಟ್ಟಿಕೊಂಡಿದೆ. ಹುಡುಗನೊಬ್ಬ ಟೀವಿಯ ಮುಂದೆ ಒಬ್ಬನೇ ಕುಳಿತು ಆಡುತ್ತಾನೆ. ಪರದೆಯ ಮೇಲಿನ ವೀರನಿಗೆ ಇರುವುದು ಮೂರೇ ಪ್ರಾಣ. ಮೂರೂ ಹೋದರೆ ಆಟ ಮುಗಿಯಿತು. ಆ ಮೂರನ್ನು ಅವನು ಗುಟ್ಟಾಗಿ ತೊಂಬತ್ತೊಂಬತ್ತು ಮಾಡಿಕೊಂಡರೆ ಮೋಸ ಹೋದವರು ಯಾರು? ಯಂತ್ರವೇ, ಯಂತ್ರವನ್ನು ಮಾರಿದ ಸಂಸ್ಥೆಯೇ, ಅಥವಾ ಸ್ವತಃ ಆ ಹುಡುಗನೇ?

ಈ ಕೆಲಸವನ್ನು ಮಾಡಿಕೊಡುವ ಪುಟ್ಟ ಪ್ರೋಗ್ರಾಮಿಗೆ 'ಟ್ರೇನರ್' ಎಂದು ಹೆಸರು. ಟ್ರೇನರ್ ಎಂದರೆ ತಾಲೀಮು ಕಲಿಸುವವನು. ನಮ್ಮ ಮಾತಿನಲ್ಲಿ ಗರಡಿಮನೆಯ ಉಸ್ತಾದ. ಸೋಲಿನ ಭಯವಿಲ್ಲದೆ ಆಟವನ್ನು ಅಭ್ಯಾಸ ಮಾಡಿಸುವವನೆಂಬ ಅರ್ಥದಲ್ಲಿ ಈ ಹೆಸರು ೧೯೮೦ರ ದಶಕದ ಮನೆಗಣಕಗಳ ಕಾಲದಿಂದ ನಡೆದುಬಂದಿದೆ. ಆದರೆ ಈ ಉಸ್ತಾದ ಮಹಾ ಮುಂಗೋಪಿ. ನಿನ್ನೆ ಸರಿಯಾಗಿದ್ದವನು ಇಂದು ಏಳಲೊಲ್ಲ. ಒಬ್ಬರ ಮನೆಯಲ್ಲಿ ಕುಣಿದವನು ಇನ್ನೊಬ್ಬರ ಮನೆಯಲ್ಲಿ ಕಲ್ಲಾಗಿ ಕೂರುತ್ತಾನೆ. ಕೆಲವೊಮ್ಮೆ ಆಟವನ್ನೇ ಹಾಳುಗೆಡವಿ ಹೋಗುತ್ತಾನೆ. ಅವನು ಹೀಗೇಕೆ ಮುನಿಯುತ್ತಾನೆ, ಮುನಿದಾಗ ಕಾರಣವನ್ನು ಹುಡುಕುವ ಬಗೆ ಹೇಗೆ ಎಂಬುದೇ ಈ ಲೇಖನದ ವಸ್ತು. ಟ್ರೇನರು ಫಲಿಸಿದಾಗ ಹುಡುಗ ಆಟವನ್ನು ಗೆಲ್ಲುತ್ತಾನೆ; ಫಲಿಸದಿದ್ದಾಗ ಯಂತ್ರವನ್ನು ಕಲಿಯುತ್ತಾನೆ. ಎರಡನೆಯದೇ ದೊಡ್ಡ ಲಾಭವೆಂದು ನನ್ನ ಅಭಿಪ್ರಾಯ.

ಕಟ್ಟಿದವರೇ ಇಟ್ಟ ಕಳ್ಳಬಾಗಿಲು

ಈ ಮೋಸದ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದ ಅಧ್ಯಾಯವನ್ನು ಬರೆದವರು ಆಟಗಾರರಲ್ಲ, ಆಟ ಕಟ್ಟುವವರೇ. ಜಪಾನಿನ ಕೊನಾಮಿ ಸಂಸ್ಥೆಯ ಕಝುಹಿಸ ಹಶಿಮೊಟೊ ಎಂಬವರು ೧೯೮೬ರಲ್ಲಿ 'ಗ್ರಾಡಿಯಸ್' ಎಂಬ ಆಟವನ್ನು ನಿಂಟೆಂಡೊ ಯಂತ್ರಕ್ಕೆ ಅಳವಡಿಸುತ್ತಿದ್ದರು. ಆಟ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಕೊನೆಯವರೆಗೂ ಆಡಬೇಕು. ಆಡಹೋದರೆ ಅದು ಅವರಿಗೇ ಗೆಲ್ಲಲಾರದಷ್ಟು ಕಠಿಣ! ಆದುದರಿಂದ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂಬ ಕ್ರಮದಲ್ಲಿ ಗುಂಡಿಗಳನ್ನು ಒತ್ತಿದರೆ ತಮ್ಮ ನೌಕೆಗೆ ಆಯುಧಗಳೆಲ್ಲ ಒದಗಿಬರುವಂತೆ ಒಂದು ಗುಟ್ಟಿನ ಕೀಲಿಯನ್ನು ಇಟ್ಟುಕೊಂಡರು. ಆಟ ಮಾರುಕಟ್ಟೆಗೆ ಹೋದಾಗಲೂ ಆ ಕೀಲಿ ಒಳಗೇ ಉಳಿಯಿತು.

ಅದೇ ಸಂಸ್ಥೆಯ 'ಕಾಂಟ್ರಾ' ಎಂಬ ಆಟದಲ್ಲಿ ಇದೇ ಮಂತ್ರ ಮೂರು ಪ್ರಾಣಗಳನ್ನು ಮೂವತ್ತು ಮಾಡುತ್ತಿತ್ತು. ೧೯೯೦ರ ದಶಕದಲ್ಲಿ ಟೀವಿಗೆ ಜೋಡಿಸಿ ಆಡುವ ಅಗ್ಗದ ಪೆಟ್ಟಿಗೆಗಳು ನಮ್ಮ ಊರುಗಳಿಗೂ ಬಂದವು. ಇಂದು ನಡುವಯಸ್ಸಿಗೆ ಕಾಲಿಟ್ಟಿರುವ ಎಷ್ಟೋ ಕನ್ನಡಿಗರಿಗೆ ಆ ಮಂತ್ರ ಈಗಲೂ ಬೆರಳಿನ ತುದಿಯಲ್ಲೇ ಇದೆ. ೨೦೨೦ರಲ್ಲಿ ಹಶಿಮೊಟೊ ತೀರಿಕೊಂಡಾಗ ಜಗತ್ತಿನ ಆಟಗಾರರು ಅವರನ್ನು ನೆನೆದದ್ದು ಈ ಹತ್ತು ಗುಂಡಿಗಳ ಮೂಲಕವೇ.

ಕಟ್ಟಿದವರು ಕೀಲಿಯನ್ನು ಇಡದಿದ್ದ ಕಡೆ ಆಡುವವರು ಗೋಡೆಗೆ ಕನ್ನ ಕೊರೆದರು. ೧೯೮೨ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಮೊದಲಾದ ಮನೆಗಣಕಗಳಲ್ಲಿ ಬೇಸಿಕ್ ಎಂಬ ಭಾಷೆ ಇತ್ತು. ಆ ಭಾಷೆಯಲ್ಲಿ 'ಪೀಕ್', 'ಪೋಕ್' ಎಂಬ ಎರಡು ಆಜ್ಞೆಗಳು. ಪೀಕ್ ಎಂದರೆ ಇಂಥ ವಿಳಾಸದಲ್ಲಿ ಯಾವ ಅಂಕಿ ಇದೆ ಎಂದು ಇಣುಕಿ ನೋಡುವುದು. ಪೋಕ್ ಎಂದರೆ ಅಲ್ಲಿ ಬೇರೊಂದು ಅಂಕಿಯನ್ನು ತುರುಕುವುದು. ಅಲ್ಲಿನ ಆಟದ ಪತ್ರಿಕೆಗಳು ನಮ್ಮ ವಾರಪತ್ರಿಕೆಗಳು ವಾರಭವಿಷ್ಯ ಅಚ್ಚಿಸುವಂತೆ ಈ 'ಪೋಕ್'ಗಳನ್ನು ಅಚ್ಚಿಸುತ್ತಿದ್ದವು.

ಆಮೇಲೆ ಬಂದದ್ದು 'ಗೇಮ್ ಜೀನಿ'. ಬ್ರಿಟನ್ನಿನ ಕೋಡ್‌ಮಾಸ್ಟರ್ಸ್ ಸಂಸ್ಥೆ ರೂಪಿಸಿದ ಈ ಸಾಧನ ಆಟದ ಕ್ಯಾಟ್ರಿಜ್‌ಗೂ ಯಂತ್ರಕ್ಕೂ ನಡುವೆ ದುಭಾಷಿಯಂತೆ ನಿಲ್ಲುತ್ತಿತ್ತು. 'ಇಂಥ ವಿಳಾಸದಲ್ಲಿ ಏನಿದೆ?' ಎಂದು ಯಂತ್ರ ಕೇಳಿದರೆ ಕ್ಯಾಟ್ರಿಜ್ 'ಮೂರು' ಎನ್ನುವಷ್ಟರಲ್ಲಿ ದುಭಾಷಿ 'ಒಂಬತ್ತು' ಎಂದು ಹೇಳಿಬಿಡುತ್ತಿದ್ದ. ಮೂಲಪ್ರತಿಗೆ ಯಾವ ಊನವೂ ಇಲ್ಲ. ಸಾಧನವನ್ನು ಕಿತ್ತರೆ ಆಟ ಮೊದಲಿನಂತೆಯೇ. ಇದರ ಸಂಕೇತಗಳು ಎರಡು ಬಗೆ: ಆರು ಅಕ್ಷರದ್ದು ಮತ್ತು ಎಂಟು ಅಕ್ಷರದ್ದು. ಆರು ಅಕ್ಷರದ್ದು 'ಈ ವಿಳಾಸ ಬಂದಾಗ ಈ ಉತ್ತರ ಕೊಡು' ಎನ್ನುತ್ತದೆ. ಎಂಟು ಅಕ್ಷರದ್ದು ಇನ್ನೊಂದು ಎಚ್ಚರವನ್ನು ಸೇರಿಸುತ್ತದೆ: 'ಅಲ್ಲಿ ಮೊದಲು ಇದ್ದ ಅಂಕಿ ಇಂಥದೇ ಆಗಿದ್ದರೆ ಮಾತ್ರ'. ದೊಡ್ಡ ಆಟಗಳಲ್ಲಿ ಒಂದೇ ವಿಳಾಸದಲ್ಲಿ ಸರದಿಯ ಮೇಲೆ ಬೇರೆ ಬೇರೆ ಪುಟಗಳು ಬಂದು ನಿಲ್ಲುತ್ತಿದ್ದುದರಿಂದ ಈ ಎಚ್ಚರ ಬೇಕಾಯಿತು. ಗುರುತು ನೋಡದೆ ಬಾಗಿಲು ತಟ್ಟಬಾರದೆಂಬ ಈ ವಿವೇಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಇಂದಿನ ಟ್ರೇನರುಗಳ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುವುದು ಅದನ್ನು ಮರೆತಾಗಲೇ.

ಬೀದಿಯಲ್ಲಿ ಒಂದು ಮನೆ

ಆಟದ ಯಂತ್ರದ ಮೆಮೊರಿ ಎಂದರೆ ಉದ್ದನೆಯ ಒಂದು ಬೀದಿ. ಬೀದಿಯ ಎರಡು ಕಡೆಯೂ ಮನೆಗಳು. ಪ್ರತಿ ಮನೆಗೂ ಒಂದು ಸಂಖ್ಯೆ. ಪ್ರತಿ ಮನೆಯಲ್ಲೂ ಸೊನ್ನೆಯಿಂದ ೨೫೫ರ ವರೆಗಿನ ಒಂದು ಅಂಕಿಯ ವಾಸ. ಅದಕ್ಕಿಂತ ದೊಡ್ಡ ಮೊತ್ತವಾದರೆ ಅಕ್ಕಪಕ್ಕದ ಎರಡು ಅಥವಾ ನಾಲ್ಕು ಮನೆಗಳನ್ನು ಸೇರಿಸಿ ಹಿಡಿಯುತ್ತದೆ. ಹಳೆಯ ನಿಂಟೆಂಡೊ ಯಂತ್ರದ ಕೆಲಸದ ಬೀದಿಯಲ್ಲಿ ಇದ್ದದ್ದು ೨,೦೪೮ ಮನೆ. ೨೦೦೫ರಲ್ಲಿ ಬಂದ ಎಕ್ಸ್‌ಬಾಕ್ಸ್ ೩೬೦ ಯಂತ್ರದಲ್ಲಿ ಐವತ್ತಮೂರು ಕೋಟಿಗೂ ಮಿಗಿಲು. ೨೦೧೭ರ ನಿಂಟೆಂಡೊ ಸ್ವಿಚ್‌ನಲ್ಲಿ ನಾನ್ನೂರ ಇಪ್ಪತ್ತೊಂಬತ್ತು ಕೋಟಿ. ಇಷ್ಟು ಮನೆಗಳ ನಡುವೆ ವೀರನ ಪ್ರಾಣಸಂಖ್ಯೆ ವಾಸವಾಗಿರುವ ಮನೆ ಯಾವುದು?

ಹುಡುಕುವ ಉಪಾಯ ಸೊಗಸಾಗಿದೆ. ವೀರನಿಗೆ ಐದು ಪ್ರಾಣವಿದ್ದಾಗ 'ಐದು ವಾಸವಾಗಿರುವ ಮನೆಗಳನ್ನೆಲ್ಲ ಪಟ್ಟಿ ಮಾಡು' ಎನ್ನುವುದು. ಲಕ್ಷಾಂತರ ಮನೆಗಳು ಸಿಕ್ಕುತ್ತವೆ. ಬೇಕೆಂದೇ ಒಂದು ಪ್ರಾಣ ಕಳೆದುಕೊಂಡು, 'ಆ ಪಟ್ಟಿಯಲ್ಲಿ ಈಗ ನಾಲ್ಕು ಇರುವ ಮನೆಗಳು ಯಾವುವು?' ಎಂದು ಕೇಳುವುದು. ಪಟ್ಟಿ ಸಣ್ಣದಾಗುತ್ತದೆ. ಇನ್ನೊಂದು ಪ್ರಾಣ, ಇನ್ನೊಂದು ಪ್ರಶ್ನೆ. ಹೀಗೆ ನಾಲ್ಕಾರು ಬಾರಿ ಜರಡಿ ಹಿಡಿದರೆ ಕಡೆಗೆ ಒಂದೆರಡು ಮನೆ ಉಳಿಯುತ್ತವೆ. ಟ್ರೇನರನ್ನು ರಚಿಸುವವರು ಆ ವಿಳಾಸವನ್ನು ಬರೆದುಕೊಂಡು, ಅಲ್ಲಿ ೯೯ ಎಂಬ ಅಂಕಿಯನ್ನು ಕ್ಷಣಕ್ಷಣಕ್ಕೂ ಮತ್ತೆ ಮತ್ತೆ ಬರೆಯುತ್ತಿರುವಂತೆ ಏರ್ಪಾಡು ಮಾಡುತ್ತಾರೆ. ಆಟ ಒಂದನ್ನು ಕಳೆಯುತ್ತದೆ, ಟ್ರೇನರು ತುಂಬಿಸುತ್ತದೆ; ಅಕ್ಷಯಪಾತ್ರೆ ಎಂದರೆ ಇದೇ.

ಆದರೆ ಇಂದಿನ ಯಂತ್ರಗಳು ಬೇರೆಯವರ ಪ್ರೋಗ್ರಾಮುಗಳನ್ನು ಒಳಗೆ ಬಿಡುವುದಿಲ್ಲ. ತಯಾರಕರ ಮುದ್ರೆ ಇಲ್ಲದ ಯಾವುದಕ್ಕೂ ಪ್ರವೇಶವಿಲ್ಲ. ಅದಕ್ಕಾಗಿ ಹವ್ಯಾಸಿಗಳು ಯಂತ್ರವನ್ನೇ ಮಾರ್ಪಡಿಸುತ್ತಾರೆ. ಎಕ್ಸ್‌ಬಾಕ್ಸ್ ೩೬೦ಕ್ಕೆ ೨೦೧೧ರಲ್ಲಿ ಕಂಡುಹಿಡಿದ ಉಪಾಯ ಸೋಜಿಗದ್ದು: ಒಳಗಿನ ಕಾವಲುಗಾರ ಮುದ್ರೆಯನ್ನು ಹೋಲಿಸಿ ನೋಡುವ ಸರಿಯಾದ ಕ್ಷಣಕ್ಕೆ ಪ್ರೊಸೆಸರಿಗೆ ಅತಿ ಕಿರಿದಾದ ಒಂದು ವಿದ್ಯುತ್ ಮಿಡಿತವನ್ನು ಕೊಟ್ಟರೆ, ಅವನಿಗೆ ಮಂಕು ಕವಿದು 'ಎರಡೂ ಒಂದೇ' ಎಂದುಬಿಡುತ್ತಾನೆ! ಸ್ವಿಚ್ ಯಂತ್ರದ ಮೊದಲ ತಂಡದ ಪ್ರತಿಗಳಲ್ಲಿ ಕಾರ್ಖಾನೆಯಲ್ಲೇ ಅಚ್ಚೊತ್ತಿದ, ಆಮೇಲೆ ತಿದ್ದಲಾಗದ ಭಾಗದಲ್ಲಿ ಒಂದು ದೋಷ ಉಳಿದುಹೋಗಿತ್ತು. ೨೦೧೮ರ ಏಪ್ರಿಲ್‌ನಲ್ಲಿ ಅದು ಬಯಲಾಯಿತು. ಇಂಥ ಯಂತ್ರಗಳಲ್ಲಿ ಟ್ರೇನರುಗಳು ಒಳಗೆ ಬಂದವು. ಅವುಗಳೊಡನೆ ತೊಂದರೆಗಳೂ ಬಂದವು.

ಮುದ್ರಣ ಬೇರೆಯಾದರೆ ಪುಟವೂ ಬೇರೆ

ತೊಂದರೆಗಳಲ್ಲಿ ಅಗ್ರಪೂಜೆ ಸಲ್ಲಬೇಕಾದುದು ಆವೃತ್ತಿಯ ವ್ಯತ್ಯಾಸಕ್ಕೆ. ಹಳಗನ್ನಡ ಕಾವ್ಯಗಳ ಓದುಗರಿಗೆ ಇದನ್ನು ವಿವರಿಸುವುದು ಸುಲಭ. '೧೧೨ನೆಯ ಪುಟದ ಏಳನೆಯ ಸಾಲು ನೋಡಿ' ಎಂದು ಒಬ್ಬ ವಿದ್ವಾಂಸರು ಬರೆದಿರುತ್ತಾರೆ. ಅವರ ಕೈಯಲ್ಲಿದ್ದದ್ದು ಮೊದಲ ಮುದ್ರಣ. ನಮ್ಮ ಕೈಯಲ್ಲಿರುವುದು ಪರಿಷ್ಕೃತ ಮುದ್ರಣ. ಮುನ್ನುಡಿ ಬೆಳೆದಿದೆ, ಪಾಠಾಂತರಗಳು ಸೇರಿವೆ, ಪುಟಗಳೆಲ್ಲ ಸರಿದಿವೆ. ನಾವು ೧೧೨ನೆಯ ಪುಟ ತೆರೆದರೆ ಅಲ್ಲಿ ಯುದ್ಧವರ್ಣನೆಯ ಬದಲು ವನವಿಹಾರ! ಪದ್ಯ ಗ್ರಂಥದಲ್ಲಿಲ್ಲವೆಂದಲ್ಲ, ಅದು ಮನೆ ಬದಲಿಸಿದೆ, ಅಷ್ಟೆ.

ಆಟಗಳಿಗೂ ಮುದ್ರಣಗಳುಂಟು. ಮಾರಾಟವಾದ ಮೇಲೆ ತಯಾರಕರು ತಪ್ಪುಗಳನ್ನು ತಿದ್ದಿ 'ಅಪ್‌ಡೇಟ್' ಕಳುಹಿಸುತ್ತಾರೆ. ಒಂದು ದೇಶದ ಡಿಸ್ಕು ಇನ್ನೊಂದು ದೇಶದ ಡಿಸ್ಕಿಗಿಂತ ಬೇರೆಯಾಗಿರುವುದೂ ಉಂಟು. ಪ್ರತಿ ತಿದ್ದುಪಡಿಯಲ್ಲೂ ಮನೆಗಳು ಸರಿಯುತ್ತವೆ. ಹಳೆಯ ವಿಳಾಸ ಹಿಡಿದು ಬಂದ ಟ್ರೇನರು ಪ್ರಾಣಸಂಖ್ಯೆಯೆಂದು ಭಾವಿಸಿ ಬೇರೆ ಯಾವುದೋ ಅಂಕಿಯ ಮೇಲೆ ೯೯ ಎಂದು ಬರೆಯುತ್ತದೆ. ಅದೃಷ್ಟವಿದ್ದರೆ ಏನೂ ಆಗುವುದಿಲ್ಲ. ಇಲ್ಲದಿದ್ದರೆ ಬಾಗಿಲು ತೆರೆಯದು, ವೀರ ನೆಲದೊಳಗೆ ಇಳಿದುಹೋಗುತ್ತಾನೆ, ಅಥವಾ ಯಂತ್ರವೇ ಸ್ತಬ್ಧವಾಗುತ್ತದೆ.

ಇದನ್ನು ತಡೆಯಲು ಸ್ವಿಚ್ ಯಂತ್ರದ ಹವ್ಯಾಸಿಗಳು ಬಳಸುವ 'ಅಟ್ಮಾಸ್ಫಿಯರ್' ಎಂಬ ವ್ಯವಸ್ಥೆ ಕಟ್ಟುನಿಟ್ಟಾದ ನಿಯಮವಿಟ್ಟಿದೆ. ಪ್ರತಿ ಆಟಕ್ಕೂ ಹದಿನಾರು ಅಕ್ಷರಗಳ ಒಂದು ಗುರುತು ಉಂಟು; ಆ ಆಟದ ಪ್ರತಿ ಮುದ್ರಣಕ್ಕೂ ಬೇರೆಯೇ ಒಂದು ಗುರುತು ಉಂಟು. ಮೊದಲನೆಯದು 'ಟೈಟಲ್ ಐಡಿ', ಎರಡನೆಯದು 'ಬಿಲ್ಡ್ ಐಡಿ'. ಸಂಕೇತಗಳ ಫೈಲು ಇರಬೇಕಾದದ್ದು ಆಟದ ಗುರುತಿನ ಹೆಸರುಳ್ಳ ಫೋಲ್ಡರಿನೊಳಗೆ. ಫೈಲಿನ ಹೆಸರು ಮುದ್ರಣದ ಗುರುತಿನ ಮೊದಲ ಹದಿನಾರು ಅಕ್ಷರವಾಗಿರಬೇಕು. ಹೆಸರು ತಾಳೆಯಾಗದಿದ್ದರೆ ವ್ಯವಸ್ಥೆ ಆ ಫೈಲನ್ನು ತೆರೆದೂ ನೋಡುವುದಿಲ್ಲ. 'ನಿನ್ನೆಯವರೆಗೆ ಚೆನ್ನಾಗಿತ್ತು, ಇಂದು ಏನೂ ಕಾಣುತ್ತಿಲ್ಲ' ಎಂಬ ದೂರಿಗೆ ಬಹುತೇಕ ಇದೇ ಕಾರಣ: ರಾತ್ರಿ ಆಟ ಹೊಸ ಮುದ್ರಣವಾಗಿದೆ. ಹಾಗೆಂದು ಕೆಲವರು ಹಳೆಯ ಫೈಲಿಗೆ ಹೊಸ ಗುರುತಿನ ಹೆಸರಿಟ್ಟು ಕಾವಲುಗಾರನನ್ನು ವಂಚಿಸುತ್ತಾರೆ. ಹೆಸರು ಹೊಂದಿತು, ಆದರೆ ಒಳಗಿನ ವಿಳಾಸಗಳು ಹಳೆಯವೇ. ಹಳೆಯ ಪುಸ್ತಕಕ್ಕೆ ಹೊಸ ರಟ್ಟು ಹಾಕಿದರೆ ಪುಟಗಳು ಸರಿಹೋಗುವುವೆ?

ಇಲ್ಲೇ ಇನ್ನೊಂದು ಸಣ್ಣ ಮುಳ್ಳು. ಮೂಲ ಆಟದ ಗುರುತು ಮೂರು ಸೊನ್ನೆಗಳಲ್ಲಿ ಮುಗಿಯುತ್ತದೆ. ಅದರ ತಿದ್ದುಪಡಿಯ ಗುರುತು ೮೦೦ ಎಂದು ಮುಗಿಯುತ್ತದೆ. ಫೋಲ್ಡರಿಗೆ ಇಡಬೇಕಾದದ್ದು ಮೂಲದ ಹೆಸರು. ತಿದ್ದುಪಡಿಯ ಹೆಸರಿಟ್ಟು ವಾರಗಟ್ಟಲೆ ತಲೆಕೆಡಿಸಿಕೊಳ್ಳುವವರಿದ್ದಾರೆ. ಇನ್ನು ಗಣಕಯಂತ್ರ ಫೈಲಿನ ಬಾಲವನ್ನು ಮರೆಮಾಡುವುದರಿಂದ 'ಟಿಎಕ್ಸ್‌ಟಿ' ಎಂಬ ಬಾಲ ಎರಡು ಬಾರಿ ಅಂಟಿಕೊಂಡಿರುವುದೂ ಉಂಟು. ಆಟ ಶುರುವಾಗುವಾಗ ಎಡಗಡೆಯ 'ಎಲ್' ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಆ ವ್ಯವಸ್ಥೆ ಸಂಕೇತಗಳನ್ನು ಬೇಕೆಂದೇ ಬದಿಗಿಡುತ್ತದೆ. ಅರಿಯದೆ ಬೆರಳಿಟ್ಟು ಕುಳಿತವರಿಗೆ ಇದೂ ಒಂದು ಒಗಟು.

ಬಾಡಿಗೆ ಮನೆಯ ಅಂಕಿಗಳು

ಮುದ್ರಣ ಸರಿಯಾಗಿಯೇ ಇದೆ. ಮೊದಲ ದಿನ ಫಲಿಸಿತು, ಮರುದಿನ ಇಲ್ಲ. ಇದಕ್ಕೆ ಕಾರಣ ಬೇರೆ. ಹಳೆಯ ಆಟಗಳಲ್ಲಿ ಅಂಕಿಗಳಿಗೆ ಸ್ವಂತ ಮನೆಗಳಿದ್ದವು. ಇಂದಿನ ಆಟಗಳಲ್ಲಿ ಅವು ಬಹುಮಟ್ಟಿಗೆ ಬಾಡಿಗೆದಾರರು. ಪ್ರತಿ ಬಾರಿ ಆಟ ಆರಂಭವಾದಾಗ, ಪ್ರತಿ ಬಾರಿ ಹೊಸ ಹಂತಕ್ಕೆ ಹೋದಾಗ, ಖಾಲಿ ಇರುವ ಯಾವುದೋ ಮನೆಯಲ್ಲಿ ಬಿಡಾರ ಹೂಡುತ್ತವೆ. ಸಾಲದೆಂಬಂತೆ, ಕನ್ನಗಳ್ಳರನ್ನು ದಿಕ್ಕುಗೆಡಿಸಲು ಬೀದಿಯ ಆರಂಭವನ್ನೇ ಪ್ರತಿ ಬಾರಿ ಬೇರೆ ಕಡೆಗೆ ಸರಿಸುವ ಪದ್ಧತಿಯೂ ಬಂದಿದೆ.

ಬಾಡಿಗೆದಾರನನ್ನು ಹುಡುಕುವ ಕ್ರಮ ನಮಗೆ ತಿಳಿಯದ್ದೇನಲ್ಲ. ಅವನ ವಿಳಾಸ ನಮಗೆ ಗೊತ್ತಿಲ್ಲ. ಆದರೆ ಊರಿನ ಶಾನುಭೋಗರ ಮನೆ ಎಲ್ಲಿಗೂ ಹೋಗುವುದಿಲ್ಲ. ಶಾನುಭೋಗರನ್ನು ಕೇಳಿದರೆ ಪಟೇಲರನ್ನು ತೋರಿಸುತ್ತಾರೆ. ಪಟೇಲರು ಮನೆಯ ಒಡೆಯನನ್ನು ತೋರಿಸುತ್ತಾರೆ. ಒಡೆಯ ಬಾಡಿಗೆದಾರನ ಕೋಣೆಯನ್ನು ತೋರಿಸುತ್ತಾನೆ. ಮೆಮೊರಿಯಲ್ಲೂ ಹೀಗೆ ಒಂದು ಮನೆಯಲ್ಲಿ ಇನ್ನೊಂದು ಮನೆಯ ವಿಳಾಸ ಇರುತ್ತದೆ. ಇವಕ್ಕೆ 'ಪಾಯಿಂಟರ್' ಎಂದು ಹೆಸರು. ಒಳ್ಳೆಯ ಟ್ರೇನರು ಈ ಸರಪಳಿಯನ್ನು ಹಿಡಿದು ನಡೆಯುತ್ತದೆ; ಅವಸರದಲ್ಲಿ ಮಾಡಿದ್ದು ಬಾಡಿಗೆದಾರ ಆ ದಿನ ಇದ್ದ ಕೋಣೆಯ ಸಂಖ್ಯೆಯನ್ನು ಮಾತ್ರ ಬರೆದುಕೊಂಡಿರುತ್ತದೆ. ಇನ್ನೂ ಜಾಣರು ಪುಟಸಂಖ್ಯೆಯನ್ನೇ ನಂಬದೆ, ಪದ್ಯದ ಮೊದಲ ಪದಗಳನ್ನು ಹಿಡಿದು ಗ್ರಂಥವನ್ನೆಲ್ಲ ಹುಡುಕುವಂತೆ, ಆಟದ ಆಜ್ಞೆಗಳ ಒಂದು ವಿಶಿಷ್ಟ ಸಾಲನ್ನು ಗುರುತಾಗಿಟ್ಟುಕೊಂಡು ಹುಡುಕಿಸುತ್ತಾರೆ. ಅಂಥ ಟ್ರೇನರು ಒಂದೆರಡು ಹೊಸ ಮುದ್ರಣಗಳನ್ನು ತಾಳಿಕೊಳ್ಳುವ ಸಂಭವವುಂಟು.

ಹೊತ್ತಿನ ಪ್ರಶ್ನೆಯೂ ಇದೆ. ಆಟದ ಹೆಸರು ಪರದೆಯ ಮೇಲೆ ಮೂಡುತ್ತಿರುವಾಗಲೇ ಟ್ರೇನರನ್ನು ಎಬ್ಬಿಸಿದರೆ ಬಾಡಿಗೆದಾರ ಇನ್ನೂ ಊರಿಗೇ ಬಂದಿರುವುದಿಲ್ಲ. ಆಟ ನಿಜವಾಗಿ ಆರಂಭವಾಗಿ, ವೀರ ಕಾಲೂರಿದ ಮೇಲೆ ಎಬ್ಬಿಸಿದರೆ ಅದೇ ಟ್ರೇನರು ಚೆನ್ನಾಗಿ ದುಡಿಯುತ್ತದೆ.

ಅಂಕಾನಾಂ ವಾಮತೋ ಗತಿಃ

ಶಾಸನಗಳನ್ನು ಓದುವವರಿಗೆ ಈ ಸೂತ್ರ ಪರಿಚಿತ. ಸಂಖ್ಯೆಯನ್ನು ಪದಗಳಲ್ಲಿ ಹೇಳುವಾಗ ಅಂಕಿಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ವೇದ ನಾಲ್ಕು, ನೇತ್ರ ಎರಡು. 'ವೇದನೇತ್ರ' ಎಂದರೆ ನಲವತ್ತೆರಡಲ್ಲ, ಇಪ್ಪತ್ತನಾಲ್ಕು. ಸೂತ್ರವನ್ನು ಮರೆತವರು ಶಾಸನದ ಕಾಲವನ್ನೇ ತಪ್ಪಾಗಿ ಎಣಿಸುತ್ತಾರೆ.

ಯಂತ್ರಗಳಲ್ಲಿಯೂ ಇದೇ ಎರಡು ಸಂಪ್ರದಾಯಗಳು ಇವೆ. ಎಕ್ಸ್‌ಬಾಕ್ಸ್ ೩೬೦ ದೊಡ್ಡ ಸ್ಥಾನವನ್ನು ಮೊದಲ ಮನೆಯಲ್ಲಿಡುತ್ತದೆ; ಸ್ವಿಚ್ ಚಿಕ್ಕ ಸ್ಥಾನವನ್ನು ಮೊದಲಿಡುತ್ತದೆ. ಯಂತ್ರಜ್ಞರು ಹತ್ತರ ಬದಲು ಹದಿನಾರರ ಮಾನದಲ್ಲಿ ಎಣಿಸುತ್ತಾರೆ; ಒಂಬತ್ತರ ಮುಂದಿನ ಆರು ಅಂಕಿಗಳಿಗೆ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳನ್ನು ಬಳಸುತ್ತಾರೆ. ಆ ಮಾನದಲ್ಲಿ ಒಂದು ಸಾವಿರ ಎಂದರೆ '೦೩ ಇ೮'. ಎಕ್ಸ್‌ಬಾಕ್ಸ್ ಅದನ್ನು ಹೀಗೆಯೇ ಇಡುತ್ತದೆ; ಸ್ವಿಚ್ 'ಇ೮ ೦೩' ಎಂದು ಇಡುತ್ತದೆ. ಸಂಪ್ರದಾಯ ಮರೆತು ಓದಿದರೆ ಸಾವಿರ ನಾಣ್ಯ ೫೯,೩೯೫ ಆಗಿ ಕಾಣುತ್ತದೆ. ಒಂದು ಯಂತ್ರದ ಸಂಕೇತಗಳನ್ನು ಇನ್ನೊಂದಕ್ಕೆ ಹೊಂದಿಸಲು ಹೋಗುವವರು ಎಡವುವುದು ಇಲ್ಲಿಯೇ.

ದಶಾಂಶದ ತೊಡಕು ಇನ್ನೊಂದು. ಪ್ರಾಣಗಳನ್ನು ಪೂರ್ಣಾಂಕದಲ್ಲಿ ಎಣಿಸಬಹುದು. ಆದರೆ ವೀರನ ಆರೋಗ್ಯವನ್ನು ಆಟಗಳು ಎಷ್ಟೋ ಬಾರಿ ದಶಾಂಶ ಬಿಂದುವಿನ ರೀತಿಯಲ್ಲಿ ಇಟ್ಟುಕೊಳ್ಳುತ್ತವೆ. ಪೂರ್ಣಾಂಕವಾದ ನೂರು ಮೆಮೊರಿಯಲ್ಲಿ '೬೪' ಎಂದು ಕುಳಿತರೆ, ದಶಾಂಶದ ನೂರು '೪೨ ಸಿ೮ ೦೦ ೦೦' ಎಂದು ಕುಳಿತಿರುತ್ತದೆ. ಹೆಸರು ಒಂದೇ, ವೇಷ ಬೇರೆ. ವೇಷ ತಿಳಿಯದೆ ಹುಡುಕಿದವನಿಗೆ ಅದು ಸಿಕ್ಕುವುದೇ ಇಲ್ಲ.

ಕೊನೆಗೆ ನೆರಳಿನ ಮೋಸ. ಪರದೆಯ ಮೇಲೆ ತೋರಿಸಲು ಒಂದು ಅಂಕಿ, ಲೆಕ್ಕಕ್ಕೆ ಇನ್ನೊಂದು ಅಂಕಿ ಇಟ್ಟುಕೊಳ್ಳುವ ಆಟಗಳಿವೆ. ಟ್ರೇನರು ನೆರಳನ್ನು ಹಿಡಿದರೆ ಪರದೆಯ ಮೇಲೆ ಲಕ್ಷ ನಾಣ್ಯ ಹೊಳೆಯುತ್ತದೆ. ಆಟದೊಳಗಿನ ಅಂಗಡಿಯವನು ಮಾತ್ರ ಹತ್ತು ನಾಣ್ಯದ ಕತ್ತಿಯನ್ನೂ ಕೊಡಲೊಲ್ಲ!

ಚಿಕಿತ್ಸೆಯ ಕ್ರಮ

ವೈದ್ಯನಿಗೆ ಮೊದಲು ಬೇಕಾದುದು ತಾಳ್ಮೆ, ಔಷಧ ಆಮೇಲೆ. ಟ್ರೇನರು ಕೈಕೊಟ್ಟಾಗ ಸಂಕೇತಗಳನ್ನೆಲ್ಲ ಆರಿಸಿ, ಆಟ ತಾನಾಗಿ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಬೇಕು. ನಡೆಯದಿದ್ದರೆ ದೋಷ ಟ್ರೇನರಿನದಲ್ಲ. ನಡೆದರೆ, ಆಟದ ಗುರುತು ಮತ್ತು ಮುದ್ರಣದ ಗುರುತುಗಳನ್ನು ಯಂತ್ರದಿಂದಲೇ ಓದಿ, ಫೈಲಿನ ಹೆಸರಿನೊಡನೆ ಅಕ್ಷರ ಅಕ್ಷರ ತಾಳೆನೋಡಬೇಕು. ಬಳಿಕ ಒಂದೇ ಒಂದು ಸಂಕೇತವನ್ನು, ಅದೂ ನಾಣ್ಯ ಹೆಚ್ಚಿಸುವಂಥ ನಿರುಪದ್ರವಿಯಾದುದನ್ನು, ಎಬ್ಬಿಸಬೇಕು. ಅದು ಫಲಿಸಿದರೆ ಎರಡನೆಯದು, ಫಲಿಸಿದರೆ ಮೂರನೆಯದು. ಇಪ್ಪತ್ತು ಸಂಕೇತಗಳನ್ನು ಒಟ್ಟಿಗೆ ಎಬ್ಬಿಸಿ ಯಂತ್ರ ಸ್ತಬ್ಧವಾದಾಗ 'ಯಾವುದು ಕೆಟ್ಟದ್ದು?' ಎಂದು ಕೇಳಿದರೆ ಧನ್ವಂತರಿಯೂ ಉತ್ತರ ಹೇಳಲಾರ. ಒಂದೇ ಮನೆಗೆ ಎರಡು ಟ್ರೇನರುಗಳು ಬೇರೆ ಬೇರೆ ಅಂಕಿಗಳನ್ನು ಬರೆಯುತ್ತ ಜಗಳವಾಡುವುದೂ ಉಂಟು.

ಅಂಕಿಯ ವಿಷಯದಲ್ಲಿ ದುರಾಸೆಯೂ ಸಲ್ಲದು. ಒಂದು ಮನೆಯ ಅಂಕಿ ೨೫೫ ದಾಟಿದರೆ ಮತ್ತೆ ಸೊನ್ನೆಯಾಗುತ್ತದೆ. ಪ್ರಾಣವನ್ನು ೨೫೫ ಮಾಡಿಕೊಂಡವನು ಒಂದು ಪ್ರಾಣ ಬಹುಮಾನ ಗಳಿಸಿ, ಗೆದ್ದ ಕ್ಷಣದಲ್ಲೇ ಸತ್ತಂತಾಗುವ ಸಂದರ್ಭಗಳಿವೆ. ೯೯ ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಟ್ರೇನರನ್ನು ಎಬ್ಬಿಸುವ ಮುನ್ನ ಕೂಡಿಟ್ಟ ಆಟದ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು. ಟ್ರೇನರು ತಿದ್ದುವುದು ತಾತ್ಕಾಲಿಕ ಮೆಮೊರಿಯನ್ನು; ವಿದ್ಯುತ್ ಆರಿಸಿದರೆ ಅದು ಅಳಿದುಹೋಗುತ್ತದೆ. ಆದರೆ ತಿದ್ದಿದ ಸ್ಥಿತಿಯಲ್ಲಿ ಆಟವನ್ನು ಕೂಡಿಟ್ಟರೆ ತಪ್ಪು ಅಂಕಿ ಶಾಶ್ವತವಾಗಿ ಕಡತಕ್ಕೆ ಇಳಿಯುತ್ತದೆ. ತಮ್ಮನೊಬ್ಬ ಬೇಸಿಗೆ ರಜೆಯೆಲ್ಲ ಕುಳಿತು ನೂರು ಗಂಟೆ ಆಡಿ ಕಟ್ಟಿದ ಲೋಕವನ್ನು ಅಣ್ಣನ ಒಂದು ಸಂಕೇತ ಅಳಿಸಿಹಾಕಬಲ್ಲುದು. ಅದು ಬರಿಯ ಆಟ ತಾನೆ ಎನ್ನುವವರು ಆ ಹುಡುಗನ ಮುಖವನ್ನು ಒಮ್ಮೆ ನೋಡಬೇಕು.

ನ್ಯಾಯಪೀಠದ ಮುಂದೆ

ಆಟ ನಮ್ಮದು, ಯಂತ್ರ ನಮ್ಮದು. ಆದರೂ ಅಂಕಿಯನ್ನು ಬದಲಿಸುವ ಹಕ್ಕು ನಮಗುಂಟೆ? ಈ ಪ್ರಶ್ನೆ ಎರಡು ಖಂಡಗಳ ನ್ಯಾಯಾಲಯಗಳನ್ನು ಏರಿದೆ. ಅಮೆರಿಕದಲ್ಲಿ ಗೇಮ್ ಜೀನಿಯನ್ನು ಮಾರಲು ಹೊರಟ ಲೂಯಿಸ್ ಗಲೂಬ್ ಎಂಬ ಆಟಿಕೆ ಸಂಸ್ಥೆಗೂ ನಿಂಟೆಂಡೊ ಸಂಸ್ಥೆಗೂ ವ್ಯಾಜ್ಯವಾಯಿತು. ಇದು ತನ್ನ ಕೃತಿಯನ್ನಾಧರಿಸಿದ ಇನ್ನೊಂದು ಕೃತಿ, ಆದುದರಿಂದ ಕೃತಿಸ್ವಾಮ್ಯದ ಭಂಗ ಎಂಬುದು ನಿಂಟೆಂಡೊ ವಾದ. ಕೊಂಡ ಪುಸ್ತಕದಲ್ಲಿ ಕೆಲವು ಪುಟಗಳನ್ನು ಹಾರಿಸಿ ಓದುವಂತೆಯೇ ಇದು ಎಂಬ ದೃಷ್ಟಿಯಿಂದ ಕೆಳ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ೧೯೯೨ರಲ್ಲಿ ಮೇಲ್ಮನವಿಯಲ್ಲೂ ಗಲೂಬ್ ಗೆದ್ದಿತು. ತಡೆಯಾಜ್ಞೆಯಿಂದಾದ ನಷ್ಟಕ್ಕಾಗಿ ಅದಕ್ಕೆ ಒಂದ್ಯೂವರೆ ಕೋಟಿ ಡಾಲರು ದೊರೆಯಿತು.

ಯೂರೋಪಿನಲ್ಲಿ ಸೋನಿ ಸಂಸ್ಥೆ 'ಆ್ಯಕ್ಷನ್ ರೀಪ್ಲೇ' ಎಂಬ ಸಾಧನವನ್ನು ತಯಾರಿಸುವ ಡೇಟೆಲ್ ಸಂಸ್ಥೆಯ ಮೇಲೆ ಹೂಡಿದ ಮೊಕದ್ದಮೆ ಜರ್ಮನಿಯಲ್ಲಿ ಹಲವು ವರ್ಷ ನಡೆದು ಯೂರೋಪಿಯನ್ ಒಕ್ಕೂಟದ ನ್ಯಾಯಾಲಯವನ್ನು ಮುಟ್ಟಿತು. ೨೦೨೪ರ ಏಪ್ರಿಲ್‌ನಲ್ಲಿ ಅಲ್ಲಿನ ಅಡ್ವೊಕೇಟ್ ಜನರಲ್ ಕೊಟ್ಟ ಅಭಿಪ್ರಾಯದಲ್ಲಿ, ಪತ್ತೇದಾರಿ ಕಾದಂಬರಿಯ ಓದುಗ ಕೊನೆಯ ಪುಟ ತಿರುವಿ ಕೊಲೆಗಾರನಾರೆಂದು ನೋಡಿಕೊಂಡರೆ ಲೇಖಕ ತಡೆಯಲಾರ ಎಂಬ ಹೋಲಿಕೆ ಬಂದಿತು. ಧಾರಾವಾಹಿಯ ಮುಂದಿನ ಕಂತಿಗಾಗಿ ವಾರವೆಲ್ಲ ಕಾಯುವ ನಮ್ಮ ಓದುಗರಿಗೆ ಈ ಮಾತಿನ ಸ್ವಾರಸ್ಯ ಬೇಗ ಹಿಡಿಯುತ್ತದೆ! ಅದೇ ವರ್ಷ ಅಕ್ಟೋಬರ್ ೧೭ರಂದು ನ್ಯಾಯಾಲಯ ತೀರ್ಪಿತ್ತಿತು: ಆಟದ ಮೂಲ ಪ್ರೋಗ್ರಾಮನ್ನು ಮುಟ್ಟದೆ, ಅದು ನಡೆಯುವಾಗ ಮೆಮೊರಿಯಲ್ಲಿಡುವ ಚರಸಂಖ್ಯೆಗಳನ್ನು ಮಾತ್ರ ಬದಲಿಸಿದರೆ ಪ್ರೋಗ್ರಾಮಿಗೆ ಒಕ್ಕೂಟದ ಕಾನೂನು ಕೊಟ್ಟಿರುವ ರಕ್ಷಣೆಗೆ ಭಂಗವಿಲ್ಲ.

ಆದರೆ ಅಂಕಿಯನ್ನು ಬದಲಿಸುವುದು ಒಂದು, ಬೀಗವನ್ನು ಮುರಿಯುವುದು ಇನ್ನೊಂದು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಸೇರಿಸಿದ ೬೫ಎ ಪ್ರಕರಣದ ಪ್ರಕಾರ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಉದ್ದೇಶ ಎಂಬ ಪದ ಇಲ್ಲಿ ಮುಖ್ಯ. ಕೊಂಡ ಆಟದಲ್ಲಿ ಮೂರನ್ನು ತೊಂಬತ್ತೊಂಬತ್ತು ಮಾಡಿಕೊಳ್ಳುವವನೂ, ಕೊಳ್ಳದ ಆಟಗಳನ್ನು ಕದ್ದು ತುಂಬಿಕೊಳ್ಳುವವನೂ ಒಂದೇ ಬಾಗಿಲಿನಿಂದ ಒಳಹೋಗಬಹುದು. ಆದರೆ ಇಬ್ಬರೂ ಒಂದೇ ಅಲ್ಲ.

ಅಂಕಿ ಯಾರ ಮನೆಯಲ್ಲಿದೆ?

ಟ್ರೇನರು ಫಲಿಸದಿರಲು ಒಂದು ಕಾರಣವನ್ನು ನಾನು ಇಲ್ಲಿಯವರೆಗೆ ಉಳಿಸಿಕೊಂಡಿದ್ದೇನೆ. ಹಲವರು ಕೂಡಿ ಆಡುವ ಆಟಗಳಲ್ಲಿ ನಾಣ್ಯ, ಪದವಿ ಮೊದಲಾದವುಗಳ ನಿಜವಾದ ಲೆಕ್ಕ ಬಹುಮಟ್ಟಿಗೆ ನಮ್ಮ ಯಂತ್ರದಲ್ಲಿ ಇರುವುದೇ ಇಲ್ಲ. ಅದು ದೂರದ ಸರ್ವರಿನಲ್ಲಿರುತ್ತದೆ. ನಮ್ಮಲ್ಲಿರುವುದು ಅದರ ನಕಲು. ಟ್ರೇನರು ನಕಲನ್ನು ತಿದ್ದುತ್ತದೆ. ಮರುಕ್ಷಣ ಅಲ್ಲಿಂದ ಅಸಲು ಬಂದು ಅದನ್ನು ಅಳಿಸುತ್ತದೆ. ಎಷ್ಟು ತಿಣುಕಿದರೂ ಇದಕ್ಕೆ ಚಿಕಿತ್ಸೆಯಿಲ್ಲ, ಇರಲೂಬಾರದು. ಆ ಅಂಕಿ ನಮ್ಮ ಮನೆಯದಲ್ಲ.

ಈ ತಾಂತ್ರಿಕ ಗಡಿಯೇ ಧರ್ಮದ ಗಡಿಯೂ ಆಗಿರುವುದು ಸೋಜಿಗದ ಸಂಗತಿ. ಒಬ್ಬನೇ ಆಡುವಾಗ ಆಟದ ಲೋಕವೆಲ್ಲ ನನ್ನ ಯಂತ್ರದೊಳಗಿದೆ. ಅಲ್ಲಿ ನಾನು ಏನು ಬದಲಿಸಿದರೂ ನೋಯುವವರಿಲ್ಲ. ಇನ್ನೊಬ್ಬನೊಡನೆ ಕುಳಿತ ಕ್ಷಣ ಆ ಲೋಕ ಇಬ್ಬರದಾಗುತ್ತದೆ. ಸರ್ವರಿನ ಲೆಕ್ಕವನ್ನು ಮುಟ್ಟಲಾಗದಿದ್ದರೂ ಗೋಡೆಯಾಚೆಗಿನವರನ್ನು ಕಾಣುವ, ಗುರಿ ತಪ್ಪದೆ ಹೊಡೆಯುವ ವಿದ್ಯೆಗಳು ಅಲ್ಲಿಯೂ ಇವೆ. ಅದು ಅಪ್ಪಟ ಶಕುನಿವಿದ್ಯೆ. ದಕ್ಷಿಣ ಕೊರಿಯ ೨೦೧೬ರಲ್ಲಿ ಕಾಯಿದೆಯನ್ನೇ ತಿದ್ದಿ ಅಂಥ ಸಾಧನಗಳ ತಯಾರಿಕೆಯನ್ನು ಅಪರಾಧವೆಂದು ಸಾರಿತು. ಮಾರ್ಪಡಿಸಿದ ಯಂತ್ರಗಳನ್ನು ತಯಾರಕರು ತಮ್ಮ ಜಾಲದಿಂದ ಬಹಿಷ್ಕರಿಸುವುದೂ ಉಂಟು. ಆದುದರಿಂದ ಮಾರ್ಪಡಿಸಿದ ಯಂತ್ರವನ್ನು ಜಾಲಕ್ಕೆ ಜೋಡಿಸದಿರುವುದು ಜಾಣತನವೂ ಹೌದು, ಮರ್ಯಾದೆಯೂ ಹೌದು.

ಇನ್ನು ಒಬ್ಬನೇ ಆಡುವವನ ಮೋಸವನ್ನು ಮೋಸವೆಂದು ಕರೆಯಲು ನನಗೆ ಮನಸ್ಸಿಲ್ಲ. ಕೈ ನಡುಗುವವರು, ಒಂದೇ ಕೈಯಿಂದ ಆಡುವವರು, ಅರವತ್ತು ದಾಟಿದ ಮೇಲೆ ಮೊಮ್ಮಕ್ಕಳೊಡನೆ ಆಟ ಹಿಡಿದವರು ಇದ್ದಾರೆ. ಅವರಿಗೆ ಅಕ್ಷಯಪ್ರಾಣವೆಂಬುದು ವಂಚನೆಯಲ್ಲ, ಊರುಗೋಲು. ಇದನ್ನು ಆಟ ಕಟ್ಟುವವರೂ ಅರಿಯುತ್ತಿದ್ದಾರೆ. ೨೦೧೮ರಲ್ಲಿ ಬಂದ 'ಸೆಲೆಸ್ಟ್' ಎಂಬ ಬೆಟ್ಟ ಹತ್ತುವ ಆಟದಲ್ಲಿ ವೇಗವನ್ನು ತಗ್ಗಿಸಿಕೊಳ್ಳುವ, ಸಾವೇ ಬರದಂತೆ ಮಾಡಿಕೊಳ್ಳುವ ಅನುಕೂಲಗಳನ್ನು 'ನೆರವು' ಎಂಬ ಹೆಸರಿನಲ್ಲಿ ತಯಾರಕರೇ ಬಹಿರಂಗವಾಗಿ ಒದಗಿಸಿದರು. ಹಶಿಮೊಟೊ ಅವರು ತಮಗಾಗಿ ಇಟ್ಟುಕೊಂಡ ಕಳ್ಳಬಾಗಿಲು ಮೂವತ್ತೆರಡು ವರ್ಷಗಳ ಬಳಿಕ ಇಲ್ಲಿ ಹೆಬ್ಬಾಗಿಲಾಯಿತು.

ಗರಡಿಯ ಉಸ್ತಾದ ಶಿಷ್ಯನನ್ನು ಕೊನೆಯವರೆಗೂ ಹೊತ್ತು ತಿರುಗುವುದಿಲ್ಲ. ಪಟ್ಟು ಕಲಿತ ಮೇಲೆ ಅಖಾಡಕ್ಕೆ ಬಿಡುತ್ತಾನೆ. ಟ್ರೇನರಿನ ಗತಿಯೂ ಅದೇ. ಮುನಿದ ಟ್ರೇನರಿನ ಹಿಂದೆ ನಾಲ್ಕು ಸಂಜೆ ಅಲೆದವನು ಮುದ್ರಣಕ್ಕೂ ಮುದ್ರಣಕ್ಕೂ ಇರುವ ಅಂತರವನ್ನು, ಅಂಕಿ ಹಾಕುವ ವೇಷಗಳನ್ನು, ಒಂದೊಂದನ್ನೇ ಪರೀಕ್ಷಿಸುವ ಶಿಸ್ತನ್ನು ತನಗರಿಯದೆ ಕಲಿತಿರುತ್ತಾನೆ. ಆ ಬಳಿಕ ಕೆಲವರಿಗೆ ತೊಂಬತ್ತೊಂಬತ್ತು ಪ್ರಾಣಗಳ ಆಟ ಸಪ್ಪೆಯೆನಿಸಿ, ಟ್ರೇನರನ್ನು ಮಲಗಿಸಿ, ಮತ್ತೆ ಮೂರೇ ಪ್ರಾಣದಲ್ಲಿ ಆಡಲು ಕೂರುತ್ತಾರಂತೆ. ಸೋಲುವ ಭಯವಿಲ್ಲದ ಆಟದಲ್ಲಿ ಗೆಲುವಿನ ರುಚಿಯೂ ಇರುವುದಿಲ್ಲ ಎಂಬುದನ್ನು ಅವರಿಗೆ ಯಾರೂ ಉಪದೇಶಿಸಬೇಕಾಗಿ ಬರುವುದಿಲ್ಲ.